ಶಾಲು ಹೊದಿಸಿದ ಮೇಲೆ ದೂರು ಹೇಳುವುದು ಹೇಗೆ?

ವಿಮಾನ ನಿಲ್ದಾಣದ ಗೋಡೆಗೆ ಹತ್ತಿಕೊಂಡಂತಿರುವ ಓಣಿಯಲ್ಲಿ ನನ್ನ ಮನೆ. ವಿಮಾನದ ಸದ್ದಿನ ಬಗ್ಗೆ ಇಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಅದು ಬಂದು ಹೋಗುವ ಸದ್ದು. ಮಾಳಮಡ್ಡಿಯಿಂದ ನನ್ನ ಷಡ್ಡಕರು ಬಂದರೆ ಊಟಕ್ಕೆ ಕೂಡುವ ಮೊದಲೇ ಮಾಳಿಗೆ ಹತ್ತುತ್ತಾರೆ. ವಿಮಾನ ತಲೆಯ ಮೇಲೆ ಹಾದು ಹೋಗುವಾಗ ಅದನ್ನು ನಾನೇ ಹಾರಿಸಿದವನ ಹಾಗೆ ಅವರ ಪಕ್ಕದಲ್ಲಿ ನಿಂತಿರುತ್ತೇನೆ. ಈ ಜಂಬ ನನ್ನೊಬ್ಬನದಲ್ಲ, ಇಡೀ ಓಣಿಯದು.

ಸುತ್ತಲಿನ ಬಡಾವಣೆಗಳವರು ಸೇರಿ ಒಂದು ನಾಗರಿಕ ಸಮಿತಿ ಮಾಡಿಕೊಂಡಿದ್ದೇವೆ. ಆಗಾಗ ನಿಲ್ದಾಣದ ಅಧಿಕಾರಿಯೊಬ್ಬರನ್ನು ಸಮುದಾಯ ಭವನಕ್ಕೆ ಕರೆದು, ಸದ್ದು ಎಷ್ಟಾಗುತ್ತಿದೆ, ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿದೆ, ಗೋಡೆ ಗಟಾರಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದೆಲ್ಲ ಕೇಳುವುದು ನಮ್ಮ ಕೆಲಸ. ಸಮಿತಿಗೆ ಅಧ್ಯಕ್ಷರು ಹತ್ತಿ ವ್ಯಾಪಾರ ಮಾಡಿ ಈಗ ಬಿಡುವಾಗಿರುವ ಹಿರಿಯರು. ಎಲ್ಲರೂ ಅವರನ್ನು ಸಾವಕಾರರು ಎನ್ನುತ್ತೇವೆ. ನಿವೃತ್ತ ಮಾಸ್ತರನಾದ ನಾನು ಕಾರ್ಯದರ್ಶಿ.

ಅಧಿಕಾರಿ ಬಂದ ಕೂಡಲೇ ಏನಾಗುತ್ತದೆಂದರೆ, ಮಾಲೆ ಬೀಳುತ್ತದೆ. ಶಾಲು ಬೀಳುತ್ತದೆ. ಕೈಗೆ ಹಣ್ಣಿನ ಬುಟ್ಟಿ. ಆಮೇಲೆ ಸಾವಕಾರರ ಭಾಷಣ, ಅದರಲ್ಲಿ ಅಧಿಕಾರಿಯ ತಂದೆತಾಯಿಯವರೆಗೂ ಹೊಗಳಿಕೆ. ಅದು ಮುಗಿದರೆ ಚುರುಮುರಿಯ ಗಿರಮಿಟ್ಟು, ಮಿರ್ಚಿ ಭಜಿ, ಚಹ. ನಾವೇ ಹೊದಿಸಿದ ಶಾಲು ಇನ್ನೂ ಹೆಗಲ ಮೇಲಿರುವ ಮನುಷ್ಯನ ಎದುರು ನಿಂತು ನಮ್ಮದೊಂದು ದೂರಿದೆ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಪಾಪ, ಆ ಮನುಷ್ಯ ಆದಾಯ ಖರ್ಚುಗಳನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡಿಸಿ ಏನಾದರೂ ಕೇಳಿ ಎಂದು ಕಾಯುತ್ತಾರೆ. ನಮ್ಮವರು ಕೇಳುವುದು ಒಂದೇ ಪ್ರಶ್ನೆ: "ಹೊಸಾ ವಿಮಾನ ನಮ್ಮೂರಿಗೆ ಬರ್ತಾವೋ, ಬೆಳಗಾವಿಗೆ ಹೋಗ್ತಾವೋ?"

ಇದನ್ನೆಲ್ಲ ನಗುತ್ತಲೇ ಸಹಿಸಿಕೊಂಡಿದ್ದೆ, ಚಾಚಿಯ ವಿಷಯ ಬರುವವರೆಗೆ.

ಚಾಚಿ ನಮ್ಮ ಪಕ್ಕದ ಮನೆಯವರು, ಸ್ಕೂಟರ್ ರಿಪೇರಿ ಮಾಡುವ ಮೇಸ್ತ್ರಿಯ ತಾಯಿ. ಇಡೀ ಓಣಿಗೆ ಅವರು ಚಾಚಿಯೇ. ಕಣ್ಣು ಹೋಗಿ ಬಹಳ ವರ್ಷಗಳಾದವು. ಆದರೆ ಮನೆ ಮುಂದಿನ ಕಟ್ಟೆಯ ಮೇಲೆ ಕೂತರೆಂದರೆ ಓಣಿಯ ಯಜಮಾನಿಕೆ ಅವರದೇ. ಹೆಜ್ಜೆ ಕೇಳಿಯೇ ಯಾರೆಂದು ಹೇಳುತ್ತಿದ್ದರು. "ಮಾಸ್ತರ, ಇವತ್ತ ಪೇಟಿಗೆ ಹೋಗಾಕತ್ತೀರಿ, ಚೀಲ ಖಾಲಿ ಐತಿ," ಎಂದು ನಗುತ್ತಿದ್ದರು. ತಾವು ಹುಟ್ಟಿ ಬೆಳೆದ ಕಮರಿಪೇಟೆಯ ಗದ್ದಲದಲ್ಲೂ ಅವ್ವನ ಬಳೆ ಸಪ್ಪಳ ಗುರುತಿಸುತ್ತಿದ್ದುದಾಗಿ ಹೇಳಿಕೊಳ್ಳುತ್ತಿದ್ದರು. ಎದುರಿನ ಕಿರಾಣಿ ಅಂಗಡಿಗೆ ಓಣಿ ದಾಟಿ ಒಬ್ಬರೇ ಹೋಗಿ ಬರುತ್ತಿದ್ದರು.

ಆಗ ನಿಲ್ದಾಣದ ಕೆಲಸ ಹಿಡಿದ ಒಬ್ಬ ಗುತ್ತಿಗೆದಾರ ಗೋಡೆಯ ಹೊರಗೆ, ನಮ್ಮ ಓಣಿಯ ಕೊನೆಯಲ್ಲಿ, ಒಂದು ದೊಡ್ಡ ಜನರೇಟರ್ ತಂದಿಟ್ಟ. ಬೆಳಿಗ್ಗೆ ಶುರುವಾದರೆ ಸಂಜೆಯವರೆಗೆ ಅದು ಉಸಿರು ಬಿಡುತ್ತಿರಲಿಲ್ಲ. ನಾವು ಕಣ್ಣಿದ್ದವರು ದನಿ ಎತ್ತರಿಸಿ ಮಾತಾಡಲು ಕಲಿತೆವು. ಚಾಚಿಗೆ ಮಾತ್ರ ಓಣಿಯೇ ಅಳಿಸಿಹೋಯಿತು. ಒಂದು ದಿನ ಅಂಗಡಿಗೆ ದಾಟುವಾಗ ಒಂದು ಸ್ಕೂಟರ್ ಅವರ ಸೆರಗಿಗೆ ತಾಗಿಕೊಂಡೇ ಹೋಯಿತು. ಮಗ ಗಾಬರಿಯಾಗಿ ಅವರನ್ನು ಒಳಗೆ ಕೂರಿಸಿದ. ಕಟ್ಟೆ ಖಾಲಿಯಾಯಿತು.

ನೋಡಲು ಹೋದರೆ ಚಾಚಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. "ಕಣ್ಣ ಹೋದಾಗ ಇಷ್ಟ ಸಂಕಟ ಆಗಿದ್ದಿಲ್ರಿ ಮಾಸ್ತರ," ಎಂದರು. ನಾನು ಅಲ್ಲಿಂದಲೇ ಎದ್ದೆ. ಗುತ್ತಿಗೆದಾರನ ಹತ್ತಿರ ಹೋದೆ. ಮೇಲಿನವರು ಹೇಳಿದರೆ ಸರಿಸುತ್ತೇನೆ ಎಂದ. ಸರಿ, ಮುಂದಿನ ಸಭೆಯಲ್ಲಿ ಎದ್ದು ನಿಂತೆ. ಸಾವಕಾರರು ನನ್ನ ಅಂಗಿ ಹಿಡಿದು ಜಗ್ಗಿದರು.

"ಸುಮ್ಮ ಕೂಡ್ರಿ ಮಾಸ್ತರ. ಈಗರ ಶಾಲ ಹೊದಿಸೇವಿ. ಗದ್ದಲ ಗದ್ದಲ ಅಂದ್ರ ಇದ್ದ ವಿಮಾನನೂ ಬೆಳಗಾವಿಗೆ ಹೋಗ್ತಾವ."

ಸಭೆಯೆಲ್ಲ ನನ್ನನ್ನೇ ನೋಡುತ್ತಿತ್ತು, ಮದುವೆ ಮನೆಯಲ್ಲಿ ಅಪಶಕುನ ನುಡಿದವನನ್ನು ನೋಡುವ ಹಾಗೆ. ಕೂತೆ. ಸಿಟ್ಟಿನಲ್ಲಿ ಮಿರ್ಚಿ ತಿಂದು ಮೂರು ದಿನ ಎದೆ ಉರಿಸಿಕೊಂಡೆ.

ಅದರ ಮುಂದಿನ ಸಲ ನಾನು ಶಾಲನ್ನು ವಿರೋಧಿಸಲಿಲ್ಲ. ಅದರ ಜಾಗವನ್ನಷ್ಟೇ ಬದಲಿಸಿದೆ. "ಸಾಹೇಬರು ಸಭಾಕ್ಕ ಹೋಗೂಕಿಂತ ಮೊದಲ ನಮ್ಮ ಓಣ್ಯಾಗ ಸತ್ಕಾರ ಆಗ್ಲಿ. ಹಿರಿಯ ಜೀವ ಅದಾರ, ಚಾಚಿ. ಅವರ ಕೈಲೆ ಹಾರ ಹಾಕಸೂಣು," ಎಂದೆ. ಸಾವಕಾರರಿಗೆ ಖುಷಿಯೋ ಖುಷಿ. "ಭಾರೀ ಛಲೋ ವಿಚಾರ್ರಿ ಮಾಸ್ತರ!" ಎಂದು ಬೆನ್ನು ತಟ್ಟಿದರು. ಸಾವಕಾರರಾಗಲಿ ಸಮಿತಿಯ ಉಳಿದ ದೊಡ್ಡವರಾಗಲಿ ನಮ್ಮ ಓಣಿಯವರಲ್ಲ. ಜನರೇಟರಿನ ಸದ್ದು ಎಷ್ಟೆಂದು ಅವರು ಒಮ್ಮೆಯೂ ಇಲ್ಲಿ ನಿಂತು ಕೇಳಿರಲಿಲ್ಲ.

ಅಧಿಕಾರಿ ಬೆಳಿಗ್ಗೆ ಬಂದರು. ಮಗ ಚಾಚಿಯ ಕೈಹಿಡಿದು ಕಟ್ಟೆಗೆ ಕರೆತಂದ. ಬಂದವರು ಎಲ್ಲಿ ನಿಂತಿದ್ದಾರೆಂದೇ ಅವರಿಗೆ ತಿಳಿಯಲಿಲ್ಲ. ಮಾಲೆ ಹಿಡಿದು ಖಾಲಿ ಗಾಳಿಗೆ ಕೈ ಚಾಚಿದರು. ಅಧಿಕಾರಿಯೇ ಬಗ್ಗಿ ಕೊರಳು ಕೊಟ್ಟು, ನಮಸ್ಕಾರ ಎಂದರು. "ಯಾರ‍್ರೀ? ಯಾರ ಬಂದೀರಿ?" ಎಂದು ಚಾಚಿ ಕೇಳುತ್ತಲೇ ಇದ್ದರು.

ಸಾವಕಾರರು ಶಾಲು ಹೊದಿಸಿ ಗಂಟಲು ಸರಿಮಾಡಿಕೊಂಡು ಭಾಷಣಕ್ಕೆ ನಿಂತರು. ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. "ಏನಂದ್ರಿ?" ಎಂದರು ಅಧಿಕಾರಿ. ಸಾವಕಾರರು ಮತ್ತೆ ಮೊದಲಿನಿಂದ ಹಿಡಿದರು. "ಕೇಳಸವಲ್ದು," ಎಂದು ಹಿಂದಿನಿಂದ ಯಾರೋ ಕೂಗಿದರು. ಜೀವನದಲ್ಲಿ ಅವರ ಭಾಷಣಕ್ಕೆ ಅಡ್ಡ ಬಂದವರೇ ಇರಲಿಲ್ಲ. ಮುಖ ಕೆಂಪಗಾಯಿತು. ಓಣಿಯ ಕೊನೆಗೆ ಕೈ ಮಾಡಿ ಒದರಿದರು:

"ಏ, ಮೊದಲ ಆ ದರಿದ್ರ ಮಷೀನ ಬಂದ್ ಮಾಡ್ರಲೇ! ಮನಷ್ಯಾರು ಇರೂ ಓಣಿ ಏನಿದು?"

ದೂರು ಹೇಳಬಾರದೆಂದು ಕಾವಲಿದ್ದ ಬಾಯಿಯಿಂದಲೇ ದೂರು ಹೊರಬಿತ್ತು. ಯಾರೋ ಓಡಿ ಜನರೇಟರ್ ನಿಲ್ಲಿಸಿದರು. ಕಿವಿಯೊಳಗಿನ ಅರಳೆ ತೆಗೆದಂತಾಯಿತು. ಚಾಚಿ ಮುಖ ಎತ್ತಿದರು.

"ಸಾವಕಾರ್ರ, ನೀವೇನ್ರಿ? ನಿಮ್ಮ ದನಿ ಕೇಳಿ ಎಷ್ಟ ದಿನಾತ್ರಿ! ಬಾಜೂಕ ಯಾರೋ ಹೊಸಾ ಬೂಟಿನವರ ನಿಂತಾರ, ಕೂಡಾಕ ಹೇಳ್ರಿ."

ಹೊಸ ಬೂಟಿನವರು ಕಟ್ಟೆಯ ಮೇಲೆಯೇ ಕೂತರು. ಚಾಚಿಯ ಮಾತನ್ನು ಪೂರ್ತಿ ಕೇಳಿದರು. ಸಾವಕಾರರು ತಮ್ಮ ಭಾಷಣ ಮರೆತು, "ನಾವ ಮೊದಲ ಹೇಳಬೇಕಿತ್ರಿ ಸಾಹೇಬ್ರ," ಎಂದು ಮೆಲ್ಲಗೆ ಅಂದರು. ಅದೇ ವಾರ ಜನರೇಟರ್ ಮನೆಗಳಿಲ್ಲದ ಕಡೆ ಹೋಯಿತು. ಯಾವ ವಿಮಾನವೂ ಬೆಳಗಾವಿಗೆ ಹೋಗಲಿಲ್ಲ.

ಕೆಲವು ದಿನಗಳಾದ ಮೇಲೆ ಹಾಲು ತರಲು ಹೊರಟಿದ್ದೆ. ಚಾಚಿ ಕಟ್ಟೆಯ ಮೇಲಿದ್ದರು.

"ಮಾಸ್ತರ, ನಿಂದರ್ರಿ. ಎಡಗಾಲ ಎಳದ ಇಡಾಕತ್ತೀರಿ. ಮೊಣಕಾಲ ನೋವೇನ್ರಿ?"

ನಾನು ಮನೆಯಲ್ಲಿ ಹೇಳಿರಲಿಲ್ಲ. ಯಾರೂ ಗಮನಿಸಿರಲೂ ಇಲ್ಲ. "ಹೌದ್ರಿ ಚಾಚಿ," ಎಂದೆ.

"ಯಾವಾಗಿಂದ?"

"ಆ ಮಷೀನ ಬಂದಾಗಿಂದ್ರಿ."

ಚಾಚಿ ತಮ್ಮದೇ ತಪ್ಪೆನ್ನುವಂತೆ, "ಅದಕ್ಕ ನನಗ ಗೊತ್ತಾಗ್ಲಿಲ್ರಿ," ಎಂದು ಸರಿದು ಪಕ್ಕದಲ್ಲಿ ಜಾಗ ಕೊಟ್ಟರು.