ನಾಲ್ಕು ಗಂಟೆಯ ಒಟಿಪಿ

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನೂ ಗಂಗಕ್ಕನೂ ಪುಣೆಯ ಸ್ವಾರಗೇಟಿನಲ್ಲಿ ಭೋರ್ ಬಸ್ಸು ಹತ್ತಿದೆವು. ಬಿಬವೇವಾಡಿಯಲ್ಲಿ ನಮ್ಮ ಪಕ್ಕದ ಮನೆಯ ಗಂಗಕ್ಕ ವಿಜಯಪುರದ ಕಡೆಯವರು. ಅವರ ಕೈಯಲ್ಲಿ ತೀರಿಹೋದ ಗಂಡ ಮಲ್ಲಣ್ಣನವರ ಫೋನಿತ್ತು. ಮಲ್ಲಣ್ಣನವರು ಸರ್ಕಾರದ ಉಚಿತ ವೈಫೈ ಪೆಟ್ಟಿಗೆಗಳನ್ನು ಬೆಟ್ಟದ ಹಳ್ಳಿಗಳಲ್ಲಿ ಕೂರಿಸುವ ಕೆಲಸದಲ್ಲಿದ್ದರು.

ಯೋಜನೆ ಮಾಡಿದವರ ಜಾಣತನವನ್ನು ಮೆಚ್ಚಲೇಬೇಕು. ಮೊಬೈಲ್ ಸಿಗ್ನಲ್ಲೇ ಇಲ್ಲದ ಹಳ್ಳಿಗೆ ವೈಫೈ ಕೊಟ್ಟು, ಅದನ್ನು ಬಳಸಲು ಮೊಬೈಲಿಗೆ ಒಟಿಪಿ ಬರಬೇಕು ಎಂದರು. ಮಲ್ಲಣ್ಣನವರು ಒಂದು ಹಳ್ಳಿಗೆ ತಮ್ಮ ನಂಬರನ್ನೇ ಕೊಟ್ಟುಬಿಟ್ಟರು. ದಿನಾ ನಾಲ್ಕಕ್ಕೆ ಹಳ್ಳಿಯವರು ವೈಫೈ ಕೇಳಿದೊಡನೆ ಪುಣೆಯಲ್ಲಿ ಒಟಿಪಿ ಬರುವುದು, ಇವರು ಅಲ್ಲಿನ ಶಾಲೆಯ ತಂತಿ ಫೋನಿಗೆ ಕರೆ ಮಾಡಿ ಓದಿ ಹೇಳುವುದು, ಅಲ್ಲಿ ಯಾರಾದರೂ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದುಕೊಳ್ಳುವುದು.

ಕಳೆದ ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯಕ್ಕೆ ಆ ಹಳ್ಳಿಯನ್ನು ಖಾಲಿ ಮಾಡಿಸಿದರು. ಅದೇ ತಿಂಗಳು ಮಲ್ಲಣ್ಣನವರೂ ಹೋದರು. ಒಟಿಪಿ ಮಾತ್ರ ದಿನಾ ನಾಲ್ಕಕ್ಕೆ ಬರುತ್ತಲೇ ಇತ್ತು. ಸಿಮ್ ಬಂದ್ ಮಾಡು ಎಂದು ಗಂಗಕ್ಕನ ಮಗಳು ದುಂಬಾಲು ಬಿದ್ದಿದ್ದಳು.

“ಅಲ್ಲಿ ಯಾರರೆ ಉಳದಿದ್ರ, ತಂಗಿ? ದಿನಾ ಕೇಳಾಕತ್ತಾರ. ಒಮ್ಮೆ ನೋಡಿ ಬಂದು ಬಂದ್ ಮಾಡ್ತೀನಿ,” ಎಂದಿದ್ದರು ಗಂಗಕ್ಕ. ನಾನು ಮೈಸೂರಿನವಳು, ಸಾಫ್ಟ್‌ವೇರಿನ ತಪ್ಪು ಹುಡುಕುವುದೇ ನನ್ನ ಕಸುಬು. ಪೆಟ್ಟಿಗೆ ತಾನೇ ಒಟಿಪಿ ಕೇಳುತ್ತಿರುವ ಹುಚ್ಚಾಟವನ್ನು ತೋರಿಸಿಕೊಟ್ಟರೆ ಮುಗಿಯಿತು ಎಂದುಕೊಂಡು ಜೊತೆಗೆ ಹೊರಟಿದ್ದೆ.

ಭೋರ್‌ವರೆಗೆ ಸುಮಾರು ಐವತ್ತು ಕಿಲೋಮೀಟರ್. ಅಲ್ಲಿ ವಡಾಪಾವ್ ತಿಂದು ಜೀಪು ಮಾಡಿಕೊಂಡೆವು. ಮೇಲೇರಿದಂತೆ ಮಂಜು ದಟ್ಟವಾಯಿತು, ಸಿಗ್ನಲ್ ಹೋಯಿತು. ಅಲ್ಲಿ ಯಾರೂ ಇಲ್ಲವೆಂದು ಮರಾಠಿಯಲ್ಲಿ ಮತ್ತೆ ಮತ್ತೆ ಹೇಳಿದ ಚಾಲಕ ಕೊನೆಯ ತಿರುವಿನಲ್ಲೇ ಗಾಡಿ ನಿಲ್ಲಿಸಿಕೊಂಡ.

ನಾವು ನಡೆದು ಹೋದಾಗ ಶಾಲೆಯ ಬಾಗಿಲು ತೆರೆದೇ ಇತ್ತು. ಫೋನಿನ ತಂತಿ ತುಂಡಾಗಿ ನೇತಾಡುತ್ತಿತ್ತು. ಸೋಲಾರಿನ ದಯೆಯಿಂದ ಪೆಟ್ಟಿಗೆಯ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ನೆಲದ ಧೂಳಿನಲ್ಲಿ ನಮ್ಮ ಹೆಜ್ಜೆಗಳನ್ನು ಬಿಟ್ಟರೆ ಬೇರೆ ಗುರುತಿಲ್ಲ. ಗೋಡೆಯ ತುಂಬ ಆರಂಕಿಯ ಸಂಖ್ಯೆಗಳು, ಒಂದರ ಕೆಳಗೊಂದು. ಮೂರೂವರೆಗೆ ನಾನು ಗೋಡೆಯ ಫೋಟೋ ತೆಗೆದೆ. ಕೊನೆಯ ಸಾಲು 730418.

ಸರಿಯಾಗಿ ನಾಲ್ಕಕ್ಕೆ, ಯಾರೋ ವೈಫೈ ಬಳಸತೊಡಗಿದಂತೆ, ಕೆಂಪು ದೀಪ ಹಸಿರಾಯಿತು. ಗಂಗಕ್ಕ ಬಾಗಿಲಿಗೆ ಬಂದು “ಕೋಣ್ ಆಹೇ?” ಎಂದು ಮರಾಠಿಯಲ್ಲಿ, ಯಾರಿದ್ದೀರೆಂದು ಕೂಗಿ ಕೇಳಿದರು. ಮನೆಮನೆ ಇಣುಕಿ ನೋಡಿದೆವು. ಯಾರೂ ಇರಲಿಲ್ಲ. ಗಂಗಕ್ಕ ನಿಟ್ಟುಸಿರುಬಿಟ್ಟು, ಇನ್ನು ಸಿಮ್ ಬಂದ್ ಮಾಡಬಹುದು ಎಂದರು.

ಆರಕ್ಕೆ ಭೋರ್ ಬಸ್‌ಸ್ಟ್ಯಾಂಡಿನಲ್ಲಿ ಸಿಗ್ನಲ್ ಬಂತು. ಮಲ್ಲಣ್ಣನವರ ಫೋನು ಒಮ್ಮೆ ನಡುಗಿತು. ನಾಲ್ಕು ಗಂಟೆಯ ಒಟಿಪಿ ಈಗ ತಲುಪಿತ್ತು: 730418. ಗೋಡೆಯ ಫೋಟೋ ತೆರೆದು ನೋಡಿದೆ. ಅದೇ ಸಂಖ್ಯೆ, ಅರ್ಧ ಗಂಟೆ ಮೊದಲೇ ಗೋಡೆಯ ಮೇಲಿತ್ತು. ತಪ್ಪು ಹುಡುಕುವ ನನ್ನ ಕಸುಬು ಅಲ್ಲಿಗೆ ಸೋತಿತು. ಫೋಟೋವನ್ನು ಗಂಗಕ್ಕನ ಮುಂದೆ ಹಿಡಿದೆ.

“ನಾ ಓದಿ ಹೇಳಿಲ್ಲ, ತಂಗಿ. ದಿನಾ ಓದಿ ಹೇಳಾವ್ರು ನಮ್ಮ ಮನಿಯವ್ರ,” ಎಂದರು ಗಂಗಕ್ಕ ಮೆಲ್ಲಗೆ. ಅವರ ಮುಖದಲ್ಲಿ ಭಯವಿರಲಿಲ್ಲ. ಮನೆ ಸೇರಿದ ಕೂಡಲೇ, ಚಪ್ಪಲಿ ಬಿಡುವ ಮೊದಲೇ, ಫೋನನ್ನು ಸೆರಗಿನಿಂದ ಒರೆಸಿ ಚಾರ್ಜಿಗೆ ಹಾಕಿದರು.

“ನಾಳೆ ನಾಕಕ್ಕ ಬೇಕಾಗ್ತದಲ್ಲ ಅವರಿಗೆ,” ಎಂದರು.