ಪಾಯಸಕ್ಕೆ ಕರಿಮೆಣಸು

ಇದು ಹೀಗೆಯೇ ನಡೆಯಿತೆಂದು ಆಣೆಯಿಟ್ಟು ಹೇಳಲಾರೆ. ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಕ್ಕವನು ನಾನು. ಭೌತಶಾಸ್ತ್ರ ಓದಿದವನು, ಕಂಡದ್ದನ್ನು ಅಂದೇ ಬರೆದಿಡಬೇಕೆಂದು ಹುಡುಗರಿಗೆ ಪಾಠ ಹೇಳುವವನು. ಇದನ್ನು ಮಾತ್ರ ಬರೆದಿಡಲಿಲ್ಲ.

ಐವತ್ತರ ದಶಕದ ಕೊನೆ. ಮದರಾಸಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿ, ಮೈಲಾಪುರದಲ್ಲಿದ್ದ ದೊಡ್ಡಪ್ಪನ ಮನೆಯಲ್ಲಿ ಉಳಿದುಕೊಂಡೆ. ಉಡುಪಿ ಕಡೆಯಿಂದ ಬಂದು ನಲವತ್ತು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತವರು ಅವರು. ಹೆರಿಗೆಗೆಂದು ತವರಿಗೆ ಹೋದ ದೊಡ್ಡಮ್ಮ ತಿರುಗಿ ಬರಲಿಲ್ಲ. ಆಗ ನಾನು ಹುಟ್ಟಿರಲೇ ಇಲ್ಲ. ಅವರದೊಂದು ಫೋಟೋ ಕೂಡ ಇಲ್ಲ. ದೊಡ್ಡಪ್ಪ ಮತ್ತೆ ಮದುವೆಯಾಗದೆ, ಪ್ರತಿವರ್ಷ ಅವರ ಶ್ರಾದ್ಧಕ್ಕೆ ತಾವೇ ಮಡಿಯುಟ್ಟು ಅಡುಗೆ ಮಾಡುತ್ತಿದ್ದರು. ಎಲೆಯ ಮೇಲೆ ದೊಡ್ಡಮ್ಮನಿಗೆ ಇಷ್ಟವಾದದ್ದೊಂದು ಇರಲೇಬೇಕು.

ನಾನು ಹೋಗುವ ಹೊತ್ತಿಗೆ ಅವರಿಗೆ ಮರೆವು ಶುರುವಾಗಿತ್ತು. ಮೊದಲು ಬೀದಿಯ ಹೆಸರು ಹೋಯಿತು. ಆಮೇಲೆ ದೊಡ್ಡಮ್ಮನ ಮುಖ.

ಆ ವರ್ಷದ ಶ್ರಾದ್ಧದ ಬೆಳಿಗ್ಗೆ ಅಡುಗೆಮನೆಯಲ್ಲಿ ಸದ್ದೇ ಇಲ್ಲವಲ್ಲ ಎಂದು ಇಣುಕಿದೆ. ದೊಡ್ಡಪ್ಪ ಒಂದೊಂದೇ ಡಬ್ಬಿ ತೆಗೆದು ಮೂಸಿ ಮುಚ್ಚುತ್ತಿದ್ದರು.

"ಅವಳಿಗೆ ಎಂತ ಇಷ್ಟ ಇತ್ತು ಮಾರಾಯ?" ಎಂದರು. "ಮೂಸಿದರೆ ನೆನಪಾಗ್ತದೆ ಅಂದ್ಕೊಂಡೆ. ಆಗುದಿಲ್ಲ."

ಹೊರಗೆ ಪುರೋಹಿತರು, "ಸೀಕ್ರಂ ಆಗಲಿ ಸ್ವಾಮಿ, ಇನ್ನೆರಡು ಮನೆ ಇದೆ" ಎಂದು ಅವಸರಿಸಿದರು.

ಏನಾದರೊಂದು ಹೇಳಿ ಸಮಾಧಾನ ಮಾಡೋಣವೆಂದು ನಾನು ಬಾಯಿ ತೆರೆದೆ. ಹೋಳಿಗೆ ಎನ್ನಬೇಕೆಂದಿದ್ದೆ. ನನ್ನ ಕಿವಿಗೆ ಬಿದ್ದದ್ದು ಬೇರೆ: "ಹೆಸರುಬೇಳೆ ಪಾಯಸ. ಏಲಕ್ಕಿ ಬೇಡ, ಕರಿಮೆಣಸು ಜಜ್ಜಿ ಹಾಕಿ." ಕಣ್ಣಾರೆ ಕಂಡವನ ಹಾಗೆ ಹೇಳಿದ್ದೆ.

"ಪಾಯಸಕ್ಕೆ ಮೆಣಸಾ? ನಿನಗೆ ಕಾಲೇಜಲ್ಲಿ ಕಲಿಸಿದ್ದು ಇದನ್ನಾ?" ಅವರೊಳಗಿನ ಅಡುಗೆಭಟ್ಟ ಒಂದು ಗಳಿಗೆ ಎದ್ದು ಕೂತ. ಮರುಕ್ಷಣವೇ ಮುಖ ಸಣ್ಣದಾಯಿತು. "ಹೌದಾ? ನೀನು ಹೇಳ್ತಿಯಲ್ಲ, ಹಾಗಾದರೆ ಹೌದು."

ಬೇಳೆ ಹುರಿದರು, ಬೆಲ್ಲ ಕರಗಿಸಿದರು, ಮೆಣಸು ಜಜ್ಜಿ ಹಾಕಿದರು. ಎಲೆಗೆ ಬಡಿಸುವಾಗ ಅವರ ಕಣ್ಣಲ್ಲಿ ನೀರಿತ್ತು.

ಆಮೇಲೆ ಎರಡು ವರ್ಷ ಬದುಕಿದ್ದರು. ದೊಡ್ಡಮ್ಮನ ಹೆಸರೂ ಹೋಯಿತು, ಊರೂ ಹೋಯಿತು. ಹಾಲಿನವನು ಬಂದರೂ, ಡಾಕ್ಟರು ಬಂದರೂ ಒಂದೇ ಮಾತು: "ನನ್ನ ಹೆಂಡತಿಗೆ ಮೆಣಸಿನ ಪಾಯಸ ಅಂದರೆ ಜೀವ." ನಿಜವಾದದ್ದೆಲ್ಲ ಅಳಿಸಿಹೋಗಿ ನಾನು ಹೇಳಿದ ಸುಳ್ಳೊಂದು ಉಳಿದಿತ್ತು. ಅದನ್ನು ಸುಳ್ಳೆಂದು ಹೇಳಿದರೆ ಅವರಿಗೆ ಏನೂ ಉಳಿಯದು. ಹೇಳದಿದ್ದರೆ ನನಗೆ ನಿದ್ದೆಯಿಲ್ಲ. ಹೇಳಲಿಲ್ಲ. ದೊಡ್ಡಪ್ಪ ಆ ಮಾತು ಆಡುತ್ತಲೇ ತೀರಿಹೋದರು.

ಮುಂದೆ ಒಮ್ಮೆ ಊರಿಗೆ ಹೋದಾಗ ದೊಡ್ಡಮ್ಮನ ತಂಗಿಯನ್ನು ಹುಡುಕಿಕೊಂಡು ಹೋದೆ. ಅವರನ್ನು ನೋಡಿದ್ದು ಅದೇ ಮೊದಲು. ಮೆಣಸಿನ ಸುದ್ದಿ ಎತ್ತದೆ, ನಿಮ್ಮ ಅಕ್ಕನಿಗೆ ಏನು ಇಷ್ಟವಿತ್ತು ಎಂದಷ್ಟೇ ಕೇಳಿದೆ. ನಾನು ಮೊದಲೇ ಸುಳಿವು ಕೊಟ್ಟಿದ್ದೆನೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕೊಟ್ಟಿರಲಿಲ್ಲ, ಇದೊಂದು ಖಚಿತ.

"ಅವಳಿಗಾ? ಎಲ್ಲವೂ ಆಗ್ತಿತ್ತು," ಎಂದು ನಕ್ಕರು. "ಬಸುರಿಯಾಗಿ ಇಲ್ಲಿಗೆ ಬಂದಾಗ ಮಾತ್ರ ಒಂದು ಹುಚ್ಚು. ಪಾಯಸಕ್ಕೆ ಏಲಕ್ಕಿ ವಾಸನೆಯೇ ಆಗದು, ಮೆಣಸು ಹಾಕು ಅಂತ. ಅಮ್ಮನ ಕಣ್ಣು ತಪ್ಪಿಸಿ ನಾನೇ ಜಜ್ಜಿ ಕೊಡ್ತಿದ್ದೆ. ಇವತ್ತಿನವರೆಗೂ ಯಾರ ಹತ್ತಿರವೂ ಹೇಳಿಲ್ಲ."

"ದೊಡ್ಡಪ್ಪನಿಗೆ ಗೊತ್ತಿತ್ತಾ?"

"ಭಾವನಿಗೆ ಹೇಗೆ ಗೊತ್ತಿರ್ತದೆ? ಅವರು ಮದರಾಸಲ್ಲಿದ್ದರಲ್ಲ."