ಹೊಕ್ಕಳ ಪಕ್ಕದ ದಾರ

ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಕೂತು ಯಾರ್‍ಯಾರದೋ ಸೊಂಟಕ್ಕೆ ಪ್ಯಾಂಟು ಹೊಲಿದವನು ನಾನು. ನನ್ನ ಸೊಂಟಕ್ಕೆ ಮಾತ್ರ ಲುಂಗಿಯೇ ಗತಿ. ಹೊಟ್ಟೆ ಮಷಿನ್ನಿನ ಹಲಗೆಗೆ ತಗಲುತ್ತಿತ್ತು, ಹೊಲಿಗೆ ಕಾಣಬೇಕಾದರೆ ಉಸಿರು ಬಿಗಿಹಿಡಿಯಬೇಕು. ಅದಕ್ಕೂ ನಗುತ್ತಿದ್ದೆ. ನಗದವಳು ಹೆಂಡತಿ. ಅದೇ ಶೆಡ್ಡಿನಲ್ಲಿ ಅವಳದು ಚೆಕಿಂಗ್, ತಪ್ಪು ಹೊಲಿದ ಪೀಸನ್ನು ಆಲ್ಟರ್ ಎಂದು ವಾಪಸ್ ಎಸೆಯುವ ಕೆಲಸ. ನಮ್ಮಪ್ಪ ಇದೇ ಹೊಟ್ಟೆ, ಇದೇ ಸಕ್ಕರೆ ಕಾಯಿಲೆ ಇಟ್ಟುಕೊಂಡು ಐವತ್ತು ತುಂಬುವ ಮೊದಲೇ ಹೋದವರು. ನನಗಾಗ ನಲವತ್ತೇಳು.

"ನಿಮ್ಮಪ್ಪನ ದಾರಿ ಹಿಡೀಬ್ಯಾಡ್ರಿ, ಕಾಲಿಗೆ ಬೀಳ್ತೀನಿ," ಎಂದಳು.

ಬೆಂಗಳೂರಿನ ಡಾಕ್ಟರು, ಜಠರ ಚಿಕ್ಕದು ಮಾಡುತ್ತೇವೆ, ಐದು ಸಣ್ಣ ತೂತು ಸಾಕು, ರೋಬೋಟ್ ಬಳಸುತ್ತೇವೆ ಎಂದರು. ನಮ್ಮ ಶೆಡ್ಡಿಗೆ ಹೊಸ ಮಷಿನ್ ಬಂದರೆ ನಾವು ಮೊದಲು ಚಿಂದಿ ಬಟ್ಟೆಯ ಮೇಲೆ ಹೊಲಿದು ನೋಡುತ್ತೇವೆ. ನನ್ನ ಹೊಟ್ಟೆಯೇ ಆ ಚಿಂದಿಯಾದರೆ?

"ಚಿಂದಿ ಮ್ಯಾಲ ಒಮ್ಮೆ ಹೊಲಿದು ತೋರಿಸ್ರಿ ಸಾರ್," ಎಂದೇಬಿಟ್ಟೆ.

ಅವರು ನಕ್ಕು ಫೋನಿನಲ್ಲಿ ವಿಡಿಯೋ ತೋರಿಸಿದರು. ಅಯ್ಯೋ, ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ! ಮೂಲೆಯಲ್ಲಿ ಡಾಕ್ಟರೇ ತಲೆ ಬಗ್ಗಿಸಿ ಕೂತಿರುತ್ತಾರೆ, ಕೈಯಲ್ಲಿ ಹಿಡಿಕೆ, ಕಾಲಡಿ ಪೆಡಲ್, ಥೇಟ್ ನಮ್ಮ ಹಾಗೆ.

"ನೀವೂ ನಮ್ಮ ಪೈಕಿನೇ ಬಿಡ್ರಿ," ಎಂದು ಸಹಿ ಹಾಕಿದೆ.

ಆಪರೇಷನ್ ಸಲೀಸಾಗಿ ಮುಗಿಯಿತು. ಕೆಡಿಸಿದ್ದು ನನ್ನ ಕೈ. ಮನೆಗೆ ಬಂದ ಎರಡನೇ ದಿನ, ಮುಟ್ಟಬೇಡಿ ಎಂದಿದ್ದರೂ, ಪಟ್ಟಿ ಸರಿಸಿ ಹೊಲಿಗೆ ನೋಡಿದೆ. ಎಲ್ಲ ಅಚ್ಚುಕಟ್ಟು. ಹೊಕ್ಕಳ ಪಕ್ಕದಲ್ಲಿ ಮಾತ್ರ ದಾರದ ತುದಿಯೊಂದು ಚಾಚಿಕೊಂಡಿತ್ತು. ದಾರ ಬಿಟ್ಟವರನ್ನೆಲ್ಲ ಇಪ್ಪತ್ತು ವರ್ಷ ಬೈದ ಬಾಯಿ ನನ್ನದು, ಸುಮ್ಮನಿರುವುದುಂಟೆ? ಮನೆಯಲ್ಲೂ ಕೊರಳಿಂದ ಇಳಿಸದ ಪುಟ್ಟ ಕತ್ತರಿ ಹಿಡಿದು, ದಾರ ಎಳೆದು, ಗಂಟಿನ ಬುಡಕ್ಕೇ ಕಚಕ್ ಅನಿಸಿದೆ.

ಗಂಟು ಬಿಚ್ಚಿತು, ಗಾಯ ಬಾಯಿಬಿಟ್ಟಿತು, ಲುಂಗಿ ಕೆಂಪಾಯಿತು.

ಹೆಂಡತಿ ಆಟೋದಲ್ಲಿ ಕೂರಿಸಿಕೊಂಡು ಊರಿನ ಡಾಕ್ಟರ ಹತ್ತಿರ ಓಡಿದಳು. ಅವರು ಬೆಂಗಳೂರಿಗೆ ಫೋನ್ ಮಾಡಿ ಕೇಳಿ, ಮೇಲಿನ ಚರ್ಮವಷ್ಟೇ ಬಿಟ್ಟಿದೆ, ಪುಣ್ಯ ಮಾಡಿದ್ರಿ ಎಂದು ಬೈಯುತ್ತಲೇ ಕೈಯಲ್ಲಿ ಹೊಲಿದರು. ಹೆಂಡತಿಯನ್ನು ನಗಿಸೋಣವೆಂದು ಕೇಳಿದೆ:

"ನಾನೂ ಆಲ್ಟರ್ ಪೀಸೇ ಆದೆ ನೋಡು. ವಾಪಸ್ ಎಸೀತೀಯೇನು?"

ಅವಳು ನನ್ನ ಕೊರಳಿನ ಕತ್ತರಿಯನ್ನು ದಾರದ ಸಮೇತ ಕಿತ್ತು ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ.

"ಎಸಿಯಾಕ ಇನ್ನೊಂದು ಪೀಸ್ ಎಲ್ಲೈತ್ರಿ ನನಗ?"